ಮುದ್ದೆಯೊಳಗಿನ ನೀರು

ಶೆರಿಲ್ ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಅವಳ ತಾಯಿ ಐರಿನ್ ಆ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು.

“ತಡಿ. ಎಷ್ಟು ಇನ್ಸುಲಿನ್ ಹಾಕಿದ್ದಿ?”

ಶೆರಿಲ್ ಫೋನನ್ನು ತಿರುಗಿಸಿ ತೋರಿಸಿದಳು. ಐರಿನ್ ಕಣ್ಣು ಕಿರಿದು ಮಾಡಿ ನೋಡಿದಳು. ಹುಟ್ಟುಹಬ್ಬದ ದಿನ ಪಿಜ್ಜಾ ತಿಂದು, ಅದರ ಮೇಲೆ ಕೇಕ್ ತಿಂದಾಗಲೂ ಈ ಹುಡುಗಿ ಇಷ್ಟು ತೆಗೆದುಕೊಂಡಿರಲಿಲ್ಲ. ಮುಂದೆ ಇದ್ದದ್ದು ಒಂದು ತಟ್ಟೆ, ಅದರಲ್ಲಿ ಒಂದು ಮುದ್ದೆ, ಸುತ್ತ ಸೊಪ್ಪಿನ ಸಾರು.

“ಇದೆಂತ ಲೆಕ್ಕ?”

“ಮಮ್ಮಾ, ಐ ವೇಯ್ಡ್ ಇಟ್! ಅಲ್ಲೇ ಇದೆ ನೋಡು,” ಎಂದು ಶೆರಿಲ್ ಫ್ರಿಜ್ಜಿನ ಬಾಗಿಲಿಗೆ ಕೈ ತೋರಿಸಿದಳು.

ಅಲ್ಲಿ, ಪರದೇಶದ ಈ ಊರಿನಲ್ಲಿ ನೆಲೆಸಿದ ಕನ್ನಡಿಗರ ಸರೋವರ ಕನ್ನಡ ಕೂಟದ ಹೊಸ ಕ್ಯಾಲೆಂಡರ್ ನೇತಾಡುತ್ತಿತ್ತು. ತಿಂಗಳಿಗೊಂದು ನಮ್ಮ ಕಡೆಯ ಅಡುಗೆ, ಬಣ್ಣದ ಚಿತ್ರ, ಕೆಳಗೆ ಪೋಷಕಾಂಶದ ಪಟ್ಟಿ. ಜನವರಿಗೆ ರಾಗಿ ಮುದ್ದೆ. ನೂರು ಗ್ರಾಮ್ ಮುದ್ದೆಯಲ್ಲಿ ಕಾರ್ಬೋಹೈಡ್ರೇಟ್ ಎಪ್ಪತ್ತು ಗ್ರಾಮ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಶೆರಿಲ್‌ಗೆ ಚಿಕ್ಕಂದಿನಿಂದಲೂ ಟೈಪ್ ಒನ್ ಸಕ್ಕರೆ ಕಾಯಿಲೆ. ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪಂಪು ಕೊಡುತ್ತದೆ. ಆದರೆ ತಟ್ಟೆಯಲ್ಲಿ ಕಾರ್ಬ್ ಎಷ್ಟಿದೆ ಎಂದು ತಿನ್ನುವ ಮೊದಲು ಅವಳೇ ಫೋನಿನಿಂದ ಅದಕ್ಕೆ ಹೇಳಬೇಕು. ಕಡಿಮೆ ಹೇಳಿದರೆ ಸಕ್ಕರೆ ಏರುತ್ತದೆ. ಜಾಸ್ತಿ ಹೇಳಿದರೆ ಕುಸಿಯುತ್ತದೆ, ಕುಸಿದರೆ ಕೈಕಾಲು ನಡುಗಿ ಪ್ರಜ್ಞೆಯೇ ತಪ್ಪಬಹುದು. ಅಂಗಡಿಯ ಬ್ರೆಡ್ಡಿಗೆ, ಬಿಸ್ಕತ್ತಿಗೆ ಸಂಖ್ಯೆ ಇರುತ್ತದೆ. ನಮ್ಮ ಮುದ್ದೆಗೆ, ಇಡ್ಲಿಯಂಥ ಸನ್ನಾಕ್ಕೆ, ಶಾವಿಗೆಗೆ ಎಲ್ಲಿದೆ? ಹಾಗಾಗಿ ಕೂಟದ ಪ್ರತಿ ಊಟದಲ್ಲೂ ಎಲ್ಲರೂ ಸಾಲಾಗಿ ಕೂತು ಮುದ್ದೆ ಮುರಿಯುವಾಗ ಈ ಹುಡುಗಿ ಡಬ್ಬಿಯಿಂದ ಬ್ರೆಡ್ ತೆಗೆದು ಒಣಒಣವಾಗಿ ತಿನ್ನುತ್ತಿದ್ದಳು. ಕ್ಯಾಲೆಂಡರ್ ಬಂದ ದಿನ ಅದನ್ನು ತಾನೇ ಫ್ರಿಜ್ಜಿಗೆ ಅಂಟಿಸಿ, ಈ ಸಂಕ್ರಾಂತಿ ಊಟಕ್ಕೆ ಬ್ರೆಡ್ ತರುವುದಿಲ್ಲ, ತಾನೂ ಸಾಲಿನಲ್ಲಿ ಕೂರುತ್ತೇನೆ ಎಂದು ಘೋಷಿಸಿದ್ದಳು.

ಐರಿನ್‌ಗೆ ಕೆಲಸ ಬಾಥೆಲ್‌ನ ಒಂದು ಔಷಧ ಕಂಪನಿಯಲ್ಲಿ, ಸೀಸೆಯ ಮೇಲಿನ ಲೇಬಲ್ ಪರೀಕ್ಷಿಸುವುದು. ಒಂದು ಸೊನ್ನೆ ಹೆಚ್ಚು ಬಿದ್ದರೂ ಲಾರಿಗಟ್ಟಲೆ ಮಾಲನ್ನು ವಾಪಸ್ ಕರೆಸಿದವಳು. ಅವಳು ತಟ್ಟೆಯನ್ನು ಎತ್ತಿಕೊಂಡಳು.

“ಬಾ ನನ್ನೊಟ್ಟಿಗೆ.”

“ವೇರ್? ಐ ಆಮ್ ಹಂಗ್ರಿ!”

“ಮುದ್ದೆ ಎಲ್ಲಿಂದ ಬಂತೋ ಅಲ್ಲಿಗೆ.”

ಮುದ್ದೆ ಬಂದದ್ದು ಪಕ್ಕದ ಮನೆಯಿಂದ. ಆ ಮನೆಯ ವಸಂತಲಕ್ಷ್ಮಿ ಮೈಸೂರಿನವರು. ಅವರ ಗಂಡ ದ್ವಾರಕಾನಾಥರೇ ಕನ್ನಡ ಕೂಟದ ಅಧ್ಯಕ್ಷರು, ಕ್ಯಾಲೆಂಡರಿನ ಕನಸು ಕಂಡವರು, ಮತ್ತು ಈ ಊರಿನಲ್ಲಿ ತನ್ನಂತೆ ಮುದ್ದೆ ತೊಳಸುವವರು ಇನ್ನೊಬ್ಬರಿಲ್ಲ ಎಂದು ನಂಬಿದವರು.

ಬಾಗಿಲು ತೆರೆದ ವಸಂತಲಕ್ಷ್ಮಿ ತಟ್ಟೆ ನೋಡಿ ಗಾಬರಿಯಾದರು. “ಯಾಕೆ, ಉಪ್ಪು ಜಾಸ್ತಿ ಆಯ್ತಾ?”

“ಉಪ್ಪಲ್ಲ ವಸಂತಕ್ಕ, ಸಂಖ್ಯೆ ಜಾಸ್ತಿ ಆಗಿದೆ. ನಿಮ್ಮ ರಾಗಿ ಹಿಟ್ಟಿನ ಪ್ಯಾಕೆಟ್ ಒಮ್ಮೆ ಕೊಡಿ.”

ಪ್ಯಾಕೆಟ್ಟಿನ ಹಿಂಬದಿಯಲ್ಲಿ ನೂರು ಗ್ರಾಮ್ ಹಿಟ್ಟಿಗೆ ಅದೇ ಎಪ್ಪತ್ತು. ಐರಿನ್ ಅದನ್ನು ದ್ವಾರಕಾನಾಥರ ಮೂಗಿನ ಮುಂದೆ ಹಿಡಿದಳು.

“ಸರಿಯಾಗೇ ಇದೆಯಲ್ರೀ! ಅದೂ ಎಪ್ಪತ್ತು, ಇದೂ ಎಪ್ಪತ್ತು,” ಎಂದು ಅವರು ಖುಷಿಪಟ್ಟರು. “ಸುಪ್ರೀತ್ ಮಾಡಿದ್ದು ಪಟ್ಟಿ. ಒಳ್ಳೆ ಸಾಫ್ಟ್‌ವೇರ್ ಹುಡ್ಗ. ರಾಗಿ ಅಂತ ಹುಡುಕ್ದ, ಬಂತು, ಹಾಕ್ದ.”

“ಅದು ಹಿಟ್ಟಿಂದು ಸರ್. ನೀವು ಬರ್ದದ್ದು ಮುದ್ದೆ ಅಂತ.”

“ರಾಗಿ ರಾಗೀನೇ ಅಲ್ವೇ? ಹಿಟ್ಟಾದ್ರೇನು, ಮುದ್ದೆಯಾದ್ರೇನು? ಇಷ್ಟೊಂದು ಮನೇಲಿ ನೇತಾಡ್ತಿದೆ, ಒಬ್ರಾದ್ರೂ ತಪ್ಪು ಅಂದ್ರಾ?”

“ಒಬ್ರೂ ಓದ್ಲಿಲ್ಲ ಅಂತ ಅರ್ಥ. ಓದಿದ್ದು ಇವಳೊಬ್ಳೇ. ನಂಬಿದ್ದೂ ಇವಳೊಬ್ಳೇ.”

ದ್ವಾರಕಾನಾಥರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ. ಆದರೆ ಬಣ್ಣದಲ್ಲಿ ಅಚ್ಚಾದದ್ದನ್ನು ತಪ್ಪು ಎನ್ನಲು ಬಾಯಿ ಬರದ ಜನರಲ್ಲಿ ಒಬ್ಬರು. ಕುರ್ಚಿಯಲ್ಲಿ ಕೂತವರಿಗೆಲ್ಲ ಇರುವ ರೋಗ ಅದು. “ನಮ್ ಮುದ್ದೆ ಬಗ್ಗೆ ನಂಗೇ ಹೇಳ್ಕೊಡ್ತೀರಾ ಮೇಡಂ? ನಿಮ್ ಮಂಗ್ಳೂರಲ್ಲಿ ಮುದ್ದೆ ಯಾರು ತಿಂತಾರೆ? ಇರಿ, ಈಗ್ಲೇ ಮಾಡಿ ತೋರಿಸ್ತೀನಿ.” ಅವರು ತೋಳು ಮಡಚಿ ಒಲೆಯ ಮೇಲೆ ಪಾತ್ರೆ ಇಟ್ಟೇಬಿಟ್ಟರು.

ಐರಿನ್ ತನ್ನ ಕೈಚೀಲದಿಂದ ಪುಟ್ಟ ತಕ್ಕಡಿ ತೆಗೆದು ಕಟ್ಟೆಯ ಮೇಲಿಟ್ಟಳು. ಊಟಕ್ಕೆ ಹೋದಲ್ಲೆಲ್ಲ ಅದು ಅವಳ ಜೊತೆಗೇ ಹೋಗುತ್ತದೆ. ದ್ವಾರಕಾನಾಥರು ಹಿಟ್ಟು ಅಳೆದು ತೂಗಿಸಿದರು. ನೀರು ಅಳೆದರು, ಒಂದು ಲೋಟ ಹಿಟ್ಟಿಗೆ ಎರಡು ಲೋಟ. ನೀರು ಮರಳಿತು. ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ಇಕ್ಕಳದಲ್ಲಿ ಅದುಮಿ ಹಿಡಿದು, ಕೋಲಿನಿಂದ ತೊಳಸತೊಡಗಿದರು. ಒಂದು ಗಂಟೂ ಉಳಿಯದಂತೆ ತಿರುಗುವ ಆ ಕೈಯನ್ನು ನೋಡುವುದೇ ಚೆಂದ. ಸಿಟ್ಟಿನಲ್ಲಿದ್ದ ಐರಿನ್ ಕೂಡ ಕಣ್ಣು ಕೀಳಲಿಲ್ಲ.

ಶೆರಿಲ್ ಕಟ್ಟೆಗೆ ಗಲ್ಲ ಊರಿ ನಿಂತು ಕೇಳಿದಳು. “ಅಂಕಲ್, ನೀರಲ್ಲಿ ಹೌ ಮೆನಿ ಕಾರ್ಬ್ಸ್?”

“ನೀರಲ್ಲಿ ಎಲ್ಲಿಂದ ಬರುತ್ತೆ ಪುಟ್ಟಿ? ಸೊನ್ನೆ!”

ಹೇಳಿ ನಕ್ಕವರು ಹಾಗೇ ನಿಂತರು. ಕೋಲೂ ನಿಂತಿತು. ಪಾತ್ರೆಯೊಳಗೆ ನೋಡಿದರು, ಖಾಲಿ ಲೋಟಗಳನ್ನು ನೋಡಿದರು. ಇಡೀ ಮುದ್ದೆಯನ್ನು ತಕ್ಕಡಿಗೆ ಹಾಕಿದರು. ಲೋಟ ಒಂದೇ ಆದರೂ ನೀರು ಹಿಟ್ಟಿಗಿಂತ ಭಾರ; ಹಾಕಿದ ಹಿಟ್ಟಿನ ಮೂರು ಪಟ್ಟಿಗೂ ಮೀರಿ ತೂಗಿತು.

“ಅಯ್ಯೋ,” ಎಂದರು ಮೆಲ್ಲಗೆ. “ನಾವು ನೀರನ್ನೂ ರಾಗಿ ಅಂತ ಬರ್ದುಬಿಟ್ಟಿದೀವಿ.”

“ಹೌದು ಸರ್. ಇವಳು ಅದಕ್ಕೆ ಮೂರು ಪಟ್ಟು ಇನ್ಸುಲಿನ್ ತಗೊಳ್ಳುವವಳಿದ್ದಳು.”

ವಸಂತಲಕ್ಷ್ಮಿ ಬಾಯಿಗೆ ಸೆರಗು ಇಟ್ಟುಕೊಂಡರು. ದ್ವಾರಕಾನಾಥರು ಶೆರಿಲ್‌ಳ ತಲೆಯ ಮೇಲೆ ಕೈಯಿಟ್ಟರು. ಕೈಗೆ ಅಂಟಿದ್ದ ಹಿಟ್ಟು ಕೂದಲಿಗೂ ಅಂಟಿತು. ಅವಳು “ಈಯೂ, ಅಂಕಲ್!” ಎಂದಳು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ತಪ್ಪು ಒಪ್ಪುವುದು ಅಡುಗೆಮನೆಯಲ್ಲಿ ಸುಲಭ, ಊರ ಮುಂದೆ ಕಷ್ಟ.

“ವೆಬ್‌ಸೈಟಲ್ಲಿ ಒಂದು ಸಾಲು ಹಾಕ್ಬಿಡೋಣ,” ಎಂದರು ಅಧ್ಯಕ್ಷರು.

“ಎಲ್ಲಿ ಹಾಕ್ತೀರಿ? ಕೆಳಗೆ, ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ? ಸುಳ್ಳು ಬಣ್ಣಬಣ್ಣವಾಗಿ ಮನೆಮನೆಯ ಅಡುಗೆಮನೆಯಲ್ಲಿ ನೇತಾಡ್ತದೆ, ಸತ್ಯ ಯಾರೂ ತೆರೆಯದ ಪುಟದಲ್ಲಿ ಅಡಗಿ ಕೂರ್ತದೆ. ಆಗುದಿಲ್ಲ ಸರ್. ಸುಳ್ಳು ಎಲ್ಲೆಲ್ಲಿ ಹೋಗಿದೆಯೋ ಸತ್ಯವೂ ಅಲ್ಲಲ್ಲಿಗೆ ಹೋಗ್ಬೇಕು. ರೀಕಾಲ್ ಮಾಡಿ, ಎಲ್ಲವನ್ನೂ ವಾಪಸ್ ಕರೆಸಿ.”

“ಕ್ಯಾಲೆಂಡರ್ ರೀಕಾಲಾ! ಯಾರಾದ್ರೂ ಕೇಳಿದೀರೇನ್ರೀ? ಸಂಕ್ರಾಂತಿ ಊಟದಲ್ಲಿ ಜನ ನಕ್ಕುಬಿಡ್ತಾರೆ.”

“ನಗ್ಲಿ. ನೀವು ಕರೆಸದಿದ್ರೆ ನಾನು ಹಾಲ್ ಬಾಗಿಲಲ್ಲಿ ಬೋರ್ಡ್ ಹಿಡ್ಕೊಂಡು ನಿಲ್ತೇನೆ. ‘ಈ ಕ್ಯಾಲೆಂಡರ್ ತಾರೀಖು ನೋಡ್ಲಿಕ್ಕೆ ಮಾತ್ರ’ ಅಂತ ದೊಡ್ಡದಾಗಿ ಬರೀತೇನೆ.”

ವಸಂತಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. “ರೀ, ಅವ್ರು ನಿಲ್ತಾರೆ. ಜೊತೆಗೆ ನಾನೂ ನಿಲ್ತೀನಿ. ಊಟ ಯಾರು ಬಡಿಸ್ತಾರೋ ನೀವೇ ನೋಡ್ಕೊಳ್ಳಿ.” ಗಂಡನ ಫೋನನ್ನು ಅವರ ಕೈಗೆ ತುರುಕಿದರು. “ಕೂಟದ ಗುಂಪಿಗೆ ಬರೀರಿ. ಕ್ಯಾಲೆಂಡರ್ ತಂದೋರಿಗೆ ಮಾತ್ರ ಮುದ್ದೆ.”

ಆ ಒಂದು ಸಾಲು ಗುಂಪಿನಲ್ಲಿ ಬಿದ್ದದ್ದೇ ತಡ, ಬಾಥೆಲ್‌ನಿಂದ ಕ್ರಾಸ್‌ರೋಡ್ಸ್‌ವರೆಗೆ ಫೋನುಗಳು ಕುಣಿದವು. ಯಾರೋ ತಮಾಷೆ ಎಂದರು, ಯಾರೋ ಈ ಸಲ ಕ್ಯಾಲೆಂಡರೇ ಊಟದ ಟಿಕೆಟ್ ಎಂದರು. ಸುಪ್ರೀತ್ ಮಾತ್ರ ಐರಿನ್‌ಗೆ ಫೋನ್ ಮಾಡಿ, “ಮೇಡಂ, ಮಿಕ್ಕ ತಿಂಗಳೂ ಹಾಗೇ ಹಾಕಿದೀನಿ. ಇಡ್ಲಿಗೆ ಅಕ್ಕಿ ನಂಬರ್,” ಎಂದು ತೊದಲಿದ. ಆ ವಾರವೆಲ್ಲ ಸಂಜೆ ಬೇರೆ ಬೇರೆ ಮನೆಗಳಲ್ಲಿ ಮುದ್ದೆ ಮಾಡಿ ತೂಗಿದರು. ಹಿಟ್ಟೆಷ್ಟು, ನೀರೆಷ್ಟು, ಕೊನೆಗೆ ತೂಕವೆಷ್ಟು ಎಂದು ಸುಪ್ರೀತ್ ಕೂಡಿ ಭಾಗಿಸಿದ. ಐರಿನ್ ಅದನ್ನು ಶೆರಿಲ್‌ಳ ಆಸ್ಪತ್ರೆಯ ಆಹಾರತಜ್ಞೆಗೆ ಕಳಿಸಿದಳು; ಆಕೆ ಸರಿ ಎಂದ ಮೇಲೆಯೇ ಹಳೆಯ ಸಂಖ್ಯೆಯ ಮೇಲೆ ಅಂಟಿಸುವ ಜನವರಿಯ ಚೀಟಿ ಅಚ್ಚಾಯಿತು. ಹೊಸ ಸಂಖ್ಯೆ ಹಳೆಯದರ ಮೂರನೇ ಒಂದು ಪಾಲೂ ಇರಲಿಲ್ಲ. ಉಳಿದ ತಿಂಗಳುಗಳಿಗೆ ಸದ್ಯಕ್ಕೆ ಕೆಂಪು ಚೀಟಿ. ‘ಪರೀಕ್ಷಿಸಿಲ್ಲ, ನಂಬಬೇಡಿ’ ಎಂಬ ಆ ಮಾತನ್ನು ಸ್ವತಃ ಅಧ್ಯಕ್ಷರೇ ಬರೆದರು.

ಸಂಕ್ರಾಂತಿ ಊಟ ಕೆನ್ಮೋರ್‌ನ ಕೆರೆಯಂಚಿನ ಹಾಲ್‌ನಲ್ಲಿ. ಜನ ಒಂದು ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ, ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್ ಹಿಡಿದು ಬಂದರು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವಳು ಶೆರಿಲ್. ಎಳ್ಳು ತೆಗೆದುಕೊಳ್ಳುವುದು, ಚೀಟಿ ಅಂಟಿಸುವುದು, ಒಳಗೆ ಬಿಡುವುದು.

“ಮರ್ತು ಬಂದ್ವಿ ಮರಿ, ಫೋಟೋ ಇದೆ ನೋಡು,” ಎಂದು ಕ್ರಾಸ್‌ರೋಡ್ಸ್‌ನ ಶಿವಕುಮಾರ ಫೋನ್ ಚಾಚಿದ.

ಶೆರಿಲ್ ತಿರುಗಿ ಅಡುಗೆಕೋಣೆಯತ್ತ ಕೂಗಿದಳು. “ಅಂಕಲ್! ಹೀ ಹ್ಯಾಸ್ ಓನ್ಲಿ ಅ ಫೋಟೋ!”

ಒಳಗಿನಿಂದ ದ್ವಾರಕಾನಾಥರ ದನಿ ಬಂತು. “ಅವ್ನಿಗೆ ಮುದ್ದೆ ಫೋಟೋ ಕೊಡು!”

ಹಾಲ್ ನಗುವಿನಲ್ಲಿ ಬಿರಿಯಿತು. ಶಿವಕುಮಾರ ಕಾರು ತಿರುಗಿಸಿ ಮನೆಗೆ ಹೋಗಿ, ಹೆಂಡತಿ ಗೋಡೆಯಿಂದ ಮೊಳೆಸಮೇತ ಕಿತ್ತ ಕ್ಯಾಲೆಂಡರನ್ನು ತಂದ.

ಬಡಿಸುವ ಜಾಗದಲ್ಲಿ ತಕ್ಕಡಿ ಇತ್ತು. ದ್ವಾರಕಾನಾಥರು ಒಂದೊಂದೇ ಮುದ್ದೆ ಕಟ್ಟಿ, ತೂಗಿ, ಕೂಗಿ, ತಟ್ಟೆಗೆ ಹಾಕುತ್ತಿದ್ದರು. “ಇದೇನ್ರೀ, ಪೋಸ್ಟ್ ಆಫೀಸಾ?” ಎಂದು ಮಂಡ್ಯದ ಗಂಗಮ್ಮಜ್ಜಿ ಗದರಿದರು. “ಹೌದಮ್ಮ, ನಿಮ್ಮದು ಪಾರ್ಸೆಲ್, ದಪ್ಪ ಇದೆ,” ಎಂದು ಇವರು ಇನ್ನೊಂದು ಹಿಡಿ ಸೇರಿಸಿದರು.

ಎಲ್ಲರೂ ಕೂರುವ ಮೊದಲು ದ್ವಾರಕಾನಾಥರು ಕೈ ತೊಳೆದು ಮೈಕು ಹಿಡಿದರು. ಭಾಷಣವನ್ನೇನೂ ಮಾಡಲಿಲ್ಲ. “ನಾವು ತಪ್ಪು ಅಚ್ಚು ಹಾಕಿದ್ವಿ. ನಿಮ್ಮಲ್ಲಿ ಯಾರೂ ಓದ್ಲಿಲ್ಲ, ಅದಕ್ಕೆ ನಿಮಗೇನೂ ಆಗ್ಲಿಲ್ಲ. ಓದಿದ ಒಂದು ಮಗೂಗೆ ಆಗಬಾರದ್ದು ಆಗ್ತಿತ್ತು. ಮುಂದೆ ನಾವು ಏನೇ ಅಚ್ಚು ಹಾಕಿದ್ರೂ ಯಾರು ಮಾಡಿ ನೋಡಿದ್ರು ಅನ್ನೋ ಹೆಸರಿರುತ್ತೆ. ಹೆಸರಿಲ್ದಿದ್ರೆ ಹರಿದು ಒಲೆಗೆ ಹಾಕಿ.” ಯಾರೂ ನಗಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು.

ಶೆರಿಲ್ ಸಾಲಿನ ನಡುವೆ ಕೂತಳು. ಬ್ರೆಡ್ ಡಬ್ಬಿ ತಂದಿರಲಿಲ್ಲ. ತನ್ನ ಮುದ್ದೆಯ ತೂಕ ಕೇಳಿಕೊಂಡಳು, ಚೀಟಿಯ ಸಂಖ್ಯೆ ಹಾಕಿ ಗುಣಿಸಿದಳು, ಸಾರಿನದನ್ನೂ ಕೂಡಿಸಿದಳು. ತಾಯಿಯ ಕಡೆ ನೋಡಿದಳು. ಐರಿನ್ ತಲೆಯಾಡಿಸಿದಳು. ಹುಡುಗಿ ಗುಂಡಿ ಒತ್ತಿ, ಕಾಯಬೇಕಾದಷ್ಟು ಕಾದು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮುದ್ದೆ ನುಂಗಬೇಕು, ಇವಳು ಅಗಿದುಬಿಟ್ಟಳು ಎಂದು ಗಂಗಮ್ಮಜ್ಜಿ ಅಷ್ಟು ದೂರದಿಂದ ಬೈದರು.

ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೂ ದ್ವಾರಕಾನಾಥರು ಅವಳ ಸುತ್ತಲೇ ಸುಳಿಯುತ್ತಿದ್ದರು. “ಗೆರೆ ಎಲ್ಲಿದೆ ಪುಟ್ಟಿ?” ಅವಳ ಸಕ್ಕರೆ ಏರಿಳಿಯುವುದನ್ನು ಫೋನು ಒಂದು ಗೆರೆಯಾಗಿ ತೋರಿಸುತ್ತದೆ. ಶೆರಿಲ್ ತೋರಿಸಿದಳು. ಸಣ್ಣದೊಂದು ದಿಬ್ಬ ಏರಿ ಇಳಿದಿತ್ತು, ಅಷ್ಟೇ.

“ಬೋರಿಂಗ್,” ಎಂದಳು.

ಐರಿನ್ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದಳು. ಇಷ್ಟು ವರ್ಷದಲ್ಲಿ ಮಗಳ ಊಟದ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವಳು ಕೇಳಿರಲಿಲ್ಲ.

“ನಗಿ, ನಗಿ,” ಎಂದರು ದ್ವಾರಕಾನಾಥರು, ತಕ್ಕಡಿಯನ್ನು ಎದೆಗವಚಿಕೊಂಡು. “ಡಿಸೆಂಬರ್ ಪುಟಕ್ಕೆ ಸನ್ನಾ ಯಾರು ಕೊಟ್ಟಿದ್ದು? ಐರಿನ್ ಮೇಡಂ! ನಾಳೆ ನಿಮ್ಮ ಅಡುಗೆಮನೆಗೇ ಬರ್ತೀವಿ ನಾವೆಲ್ಲಾ. ಅಕ್ಕಿ ಎಷ್ಟು ಹಾಕ್ತೀರಿ?”

“ಒಂದು ಬಟ್ಟಲು.”

“ಯಾವ ಬಟ್ಟಲು?”

“ನಮ್ಮ ಮನೇದು.”

“ನೀರು?”

ಲಾರಿಗಟ್ಟಲೆ ಮಾಲು ವಾಪಸ್ ಕರೆಸಿದ ಐರಿನ್ ಗಾಳಿಯಲ್ಲೇ ನೀರು ಸುರಿದಂತೆ ಕೈ ಮಾಡಿ ನೋಡಿದಳು. “ಅದು... ಅಂದಾಜಿಗೆ.”

“ಅಂದಾಜಾ!” ಎಂದು ಗಂಡ ಹೆಂಡತಿ ಒಟ್ಟಿಗೆ ಕೂಗಿದರು. ಶೆರಿಲ್ ಆಗಲೇ ತಾಯಿಯ ಕೈಚೀಲದಿಂದ ಕೆಂಪು ಚೀಟಿ ತೆಗೆದು ಅವಳ ಬೆನ್ನಿಗೆ ಅಂಟಿಸಿದ್ದಳು.