ಗೆರೆ ತಪ್ಪಿತ್ತು, ಬಾಗಿಲಲ್ಲ

ಗುರುಸಂಗಪ್ಪನವರ ಹೊಸ ಮನೆಯ ಪಡಸಾಲೆ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ. ಮುಂದೆ ನಡೆದುದಕ್ಕೆಲ್ಲ ಈ ಎರಡು ಅಳತೆಗಳೇ ಆಧಾರವಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಟ್ಟೂರಿನ ಪೂರ್ವದ ಅಂಚಿನಲ್ಲಿ, ಎದುರಿಗೆ ಶೇಂಗಾ ಹೊಲಗಳಲ್ಲದೆ ಬೇರೇನೂ ಇಲ್ಲದ ಜಾಗದಲ್ಲಿ ಆ ಮನೆಯನ್ನು ಕಟ್ಟಿದವರು ನನ್ನ ತಂದೆ, ಗೌಂಡಿ ದಸ್ತಗಿರಿ. ಅದು ೧೯೯೭. ನಾನು ಆಗ ಹತ್ತನೇ ತರಗತಿಯಲ್ಲಿದ್ದೆ.

ಪಾಯ ಹಾಕುವ ಮೊದಲು ಅಬ್ಬಾ ದಿಕ್ಕು ಹಿಡಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಸಮತಟ್ಟಾದ ನೆಲದಲ್ಲಿ ಒಂದು ಗೂಟ ನೆಡುತ್ತಿದ್ದರು. ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಅದು ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡುತ್ತಿದ್ದರು. ಗೂಟದ ಸುತ್ತ ಹಗ್ಗದಿಂದ ಒಂದು ವೃತ್ತ. ಬೆಳಿಗ್ಗೆ ನೆರಳಿನ ತುದಿ ಕುಗ್ಗುತ್ತಾ ವೃತ್ತವನ್ನು ಮುಟ್ಟಿದಲ್ಲಿ ಒಂದು ಮೊಳೆ, ಮಧ್ಯಾಹ್ನದ ಮೇಲೆ ಬೆಳೆಯುತ್ತಾ ಮುಟ್ಟಿದಲ್ಲಿ ಇನ್ನೊಂದು. ಎರಡು ಮೊಳೆಗಳ ನಡುವೆ ಎಳೆದ ದಾರವೇ ಪೂರ್ವ–ಪಶ್ಚಿಮ. ಉಚ್ಚಂಗಿದುರ್ಗದ ಉಸ್ತಾದರೊಬ್ಬರಿಂದ ಕಲಿತ ಕೆಲಸ. ಅದು ಏಕೆ ಸರಿ ಎಂದು ಕೇಳಿದರೆ ಅಬ್ಬಾ, “ಸರಿ ಐತಿ, ಅದಕ್ಕ ಸರಿ” ಎನ್ನುತ್ತಿದ್ದರು.

ಆ ವರ್ಷದ ಹೋಳಿ ಹುಣ್ಣಿಮೆಯ ಹೊತ್ತಿಗೆ, ಹನ್ನೆರಡಡಿಯ ಪೂರ್ವದ ಗೋಡೆಯ ನಟ್ಟನಡುವೆ, ಬಾಗಿಲ ಚೌಕಟ್ಟು ಕೂರಿಸಿದರು. ಇನ್ನೂ ಮಾಳಿಗೆ ಇರಲಿಲ್ಲ. ಸೂರ್ಯ ಹುಟ್ಟಿದ ಕೂಡಲೇ ಬೆಳಕು ಚೌಕಟ್ಟಿನೊಳಗಿಂದ ನೆಟ್ಟಗೆ ಹೋಗಿ ಹಿಂದಿನ ಗೋಡೆಯ ದೇವರ ಗೂಡಿನ ಮೇಲೆ ಬಿತ್ತು. ಶೇಂಗಾ ವ್ಯಾಪಾರಿ ಗುರುಸಂಗಪ್ಪನವರು ಕೈಮುಗಿದು ನಿಂತರು. ಅಲ್ಲಿಗೆ ಅವರಿಗೊಂದು ಆಸೆ ಹುಟ್ಟಿತು. ತೇಗದ ಬಾಗಿಲಿನ ನಡುವೆ, ದೇವರ ಫೋಟೊ ಇಡುವ ಎತ್ತರಕ್ಕೆ, ನಿಂಬೆಹಣ್ಣು ತೂರುವಷ್ಟು ತೂತು ಕೊರೆಸಿದರು. ಗೃಹಪ್ರವೇಶದ ದಿನ ಬಾಗಿಲು ಮುಚ್ಚಿ, ಕತ್ತಲ ಪಡಸಾಲೆಯಲ್ಲಿ ಮೊದಲ ಕಿರಣ ಕೊಟ್ಟೂರೇಶನ ಮುಖದ ಮೇಲೆ ಬೀಳಬೇಕು. ಮಾರ್ಕೆಟ್ಟಿನಲ್ಲಿ ಎಂಟು ತಿಂಗಳು ಇದನ್ನೇ ಹೇಳಿಕೊಂಡು ಓಡಾಡಿದರು.

ಗೃಹಪ್ರವೇಶ ನವೆಂಬರ್ ಇಪ್ಪತ್ತಾರಕ್ಕೆ. ನಾನು ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿದರು. ಅರವತ್ತು ಜನ ಗೂಡನ್ನೇ ನೋಡುತ್ತಿದ್ದರು. ಬೆಳಕು ಬಂತು. ಗೂಡಿಗಲ್ಲ. ಒಳಗೆ ಬರುವವರ ಬಲಗಡೆಯ ಗೋಡೆಗೆ, ಬಾಗಿಲಿಂದ ಹದಿನೈದು ಅಡಿ ದೂರದಲ್ಲಿ, ನೀಲಿ ಬಣ್ಣದ ಮೇಲೆ ಮೊಟ್ಟೆಯಾಕಾರದ ಒಂದು ಕೆಂಪು ಬಿಲ್ಲೆ.

ಗುರುಸಂಗಪ್ಪನವರು ಆ ಬಿಲ್ಲೆಯ ಮೇಲೆ ಬೆರಳಿಟ್ಟರು. “ದಸ್ತಗಿರಿ, ಹೋಳಿ ಹುಣ್ವಿಗೆ ನೆಟ್ಟಗಿದ್ದ ಬಾಗ್ಲ ಈಗ್ಯಾಕ ಸೊಟ್ಟ ಆತು? ಪಾಯ ಕುಸದೈತೋ, ನೀನ ಸೊಟ್ಟ ಕಟ್ಟೀಯೋ?”

“ಎರಡೂ ಇಲ್ರಿ, ಸಾವ್ಕಾರ್ರ.”

“ಪಶ್ಚಿಮಕ್ಕ ತಿರುಗಿ ನಮಾಜ್ ಮಾಡೋರ ಕೈಯಾಗ ಪೂರ್ವದ ಬಾಗ್ಲ ಕೊಟ್ರ ಹಿಂಗ ಆಕ್ಕತಿ,” ಎಂದು ಅವರ ಬೀಗರೊಬ್ಬರು ನಕ್ಕರು.

ಅಬ್ಬಾ ಅವರ ಕಡೆ ತಿರುಗಿದರು. “ದಿನಕ್ಕೈದು ಸಲ ಪಶ್ಚಿಮ ಹುಡುಕೋನಿಗೆ ತನ್ನ ಬೆನ್ನ ಹಿಂದ ಏನೈತಿ ಅಂತ ಗೊತ್ತಿರಂಗಿಲ್ಲೇನ್ರಿ?”

ಒಂದಿಬ್ಬರು ನಕ್ಕರು. ಗುರುಸಂಗಪ್ಪನವರು ನಗಲಿಲ್ಲ. ಮುಂದಿನ ಗೋಡೆ ಒಡೆದು ಬಾಗಿಲನ್ನು ತಿರುಗಿಸಿ ಕೂರಿಸು ಎಂದರು.

“ನನ್ನ ಕರಣಿ ಅದನ್ನ ಮುಟ್ಟಂಗಿಲ್ರಿ,” ಎಂದರು ಅಬ್ಬಾ. “ಮನಿ ನಿಮ್ದು. ಬ್ಯಾರೆಯೋರ ಕೈಲಿ ಒಡಸಿದ್ರ ನಾ ಅಡ್ಡ ಬರಂಗಿಲ್ಲ. ಆದ್ರ ತಪ್ಪು ಮಾಡೀನಿ ಅಂತ ನನ್ನ ಬಾಯಿಂದ ಬರಂಗಿಲ್ಲ.”

ಎರಡು ದಿನದೊಳಗೆ ಹಗರಿಬೊಮ್ಮನಹಳ್ಳಿಯಿಂದ ಸುದ್ದಿ ಬಂತು. ಅಲ್ಲಿ ಪಾಯ ಹಾಕಬೇಕಿದ್ದ ಮನೆಯವರು ಸದ್ಯಕ್ಕೆ ಬೇಡ ಎಂದಿದ್ದರು. ಮಾರ್ಕೆಟ್ಟಿನಲ್ಲಿ ಹಮಾಲರು ಅಬ್ಬಾರನ್ನು ಕಂಡರೆ, “ದಿಕ್ಕುತಪ್ಪಿದ ದಸ್ತಗಿರಿ ಬಂದ” ಎನ್ನತೊಡಗಿದರು. ಆ ಬಾಗಿಲು ಒಡೆದರೆ ಈ ಹೆಸರು ಗಟ್ಟಿಯಾಗುತ್ತದೆ, ಆಮೇಲೆ ಐದು ತಾಲೂಕಿನಲ್ಲಿ ಯಾರೂ ಅವರನ್ನು ಪಾಯಕ್ಕೆ ಕರೆಯುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಶಾಲೆಯ ಪುಷ್ಪಲತಾ ಟೀಚರ್ ಅದೇ ತಿಂಗಳು ಋತುಗಳ ಪಾಠ ಮಾಡಿದ್ದರು. ಬುಗುರಿಯನ್ನು ವಾಲಿಸಿ ಹಿಡಿದು, ಮೇಜಿನ ನಡುವೆ ಇಟ್ಟ ದೀಪದ ಸುತ್ತ ಒಯ್ದಿದ್ದರು. ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ, ವರ್ಷವಿಡೀ ಅದು ವಾಲಿದ ದಿಕ್ಕು ಬದಲಾಗುವುದಿಲ್ಲ. ಆದ್ದರಿಂದ ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ದಿನ, ಮಾರ್ಚ್ ಇಪ್ಪತ್ತೊಂದರ ಸುಮಾರಿಗೆ ಮತ್ತು ಸೆಪ್ಟೆಂಬರ್ ಇಪ್ಪತ್ಮೂರರ ಸುಮಾರಿಗೆ. ಉಳಿದ ದಿನಗಳಲ್ಲಿ ಬೇಸಿಗೆಯತ್ತ ಉತ್ತರಕ್ಕೆ, ಚಳಿಗಾಲದತ್ತ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ನಾನು ನೋಟ್ಸ್ ಬರೆದುಕೊಂಡಿದ್ದೆ. ಅದು ಯಾರದೋ ಮನೆಯ ಬಾಗಿಲಿನ ಸಂಗತಿ ಎಂದು ಹೊಳೆದಿರಲಿಲ್ಲ. ಈಗ ಹೊಳೆಯಿತು: ಹೋಳಿ ಹುಣ್ಣಿಮೆ ಬಂದದ್ದು ಮಾರ್ಚ್ ಇಪ್ಪತ್ನಾಲ್ಕಕ್ಕೆ, ಗೃಹಪ್ರವೇಶ ನವೆಂಬರಿನಲ್ಲಿ.

ಭಾನುವಾರ ಅಬ್ಬಾರ ಟೇಪು, ಶಾಲೆಯ ದಿಕ್ಸೂಚಿ ತೆಗೆದುಕೊಂಡು ಒಬ್ಬಳೇ ಗುರುಸಂಗಪ್ಪನವರ ಮನೆಗೆ ಹೋದೆ. ದಿಕ್ಸೂಚಿ ಬಾಗಿಲು ಪೂರ್ವಕ್ಕೇ ಇದೆ ಎಂದು ತೋರಿಸಿತು. ಗುರುಸಂಗಪ್ಪನವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಸೂಜಿ ಸುಳ್ಳು ಹೇಳಬೋದು. ಸೂರ್ಯ ಹೇಳ್ತಾನೇನು?”

“ಹಂಗಾರ ಸೂರ್ಯನ ಕೈಲೇ ಹೇಳಸ್ತೀನ್ರಿ.”

“ಏನಂತ? ನಾಳೆ ನೆಟ್ಟಗ ಬರ್ತೀನಿ ಅಂತನೋ?”

“ಇಲ್ರಿ. ಈ ಬೆಳಕು ಇನ್ನೂ ಬಾಗ್ಲ ಕಡಿಗೆ ಸರೀತೈತಿ. ಇನ್ನೂ ಸೊಟ್ಟ ಆಕ್ಕತಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ತಂದೆಯ ಪರವಾಗಿ ಅಳಲು ಬಂದ ಹುಡುಗಿ ಎಂದುಕೊಂಡಿದ್ದರೇನೋ. ನಾನು ಬಾಗಿಲಿಂದ ಹದಿಮೂರು ಅಡಿ ಒಂಬತ್ತೂವರೆ ಇಂಚು ಅಳೆದು ನೀಲಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಹಿಂದಿನ ಸಂಜೆ ನಮ್ಮ ಅಂಗಳದಲ್ಲಿ ಪಡಸಾಲೆಯನ್ನು ಪೂರ್ಣ ಅಳತೆಗೆ ಹಗ್ಗದಲ್ಲಿ ಹಾಕಿ, ಇಪ್ಪತ್ಮೂರೂವರೆ ಡಿಗ್ರಿಗೆ ದಾರ ಹಿಡಿದು ಕಂಡುಕೊಂಡ ಜಾಗ ಅದು.

“ಡಿಸೆಂಬರ್ ಇಪ್ಪತ್ತೆರಡಕ್ಕ ಇಲ್ಲಿ ನಿಂದರ್ತೈತಿ. ಆಮ್ಯಾಲ ವಾಪಸ್ ಹೊಳ್ತೈತಿ.”

“ಸೂರ್ಯ ತಿರುಗೋದು ಸಂಕ್ರಾಂತಿಗೆ. ಪಂಚಾಂಗದಾಗ ಐತಿ. ಮೂರು ವಾರ ಮೊದ್ಲ ನೀನ ತಿರುಗಸ್ತಿಯೇನು?”

“ನಾ ತಿರುಗ್ಸಂಗಿಲ್ರಿ. ತಾನ ತಿರುಗ್ತಾನ.”

“ಗೆರಿ ದಾಟಿದ್ರ?”

ನಾನು ಟೇಪು ಸುತ್ತತೊಡಗಿದೆ. “ದಾಟಿದ್ರ ಒಡಸ್ತೀನಿ,” ಎಂದು ಅವರೇ ಹೇಳಿದರು.

ಮೂಲೆಯಲ್ಲಿ ಕುಳಿತು ಕಾಳು ಆರಿಸುತ್ತಿದ್ದ ಅವರ ತಾಯಿ ನಾಗಲಿಂಗಮ್ಮ ಆಗ ತಲೆ ಎತ್ತಿದರು. “ಬಿಸ್ಲು ಜಾಗ ಬದ್ಲಿ ಮಾಡ್ತೈತಿ, ಅದು ನಂಗೊತ್ತು. ಎಷ್ಟು ಅಂತ ಯಾರು ಅಳದಾರ? ಹುಡುಗಿ, ದಿನಾ ಮುಂಜಾನಿ ನಾ ಗುರ್ತು ಹಾಕ್ತೀನಿ. ಹೆಂಗ ಅಂತ ಹೇಳು.”

ಸೂರ್ಯ ನೆಲ ಬಿಟ್ಟು ಪೂರ್ತಿ ಮೇಲೆ ಬಂದ ಕ್ಷಣದಲ್ಲಿ ಬಿಲ್ಲೆಯ ನಟ್ಟನಡುವೆ ಒಂದು ಚುಕ್ಕಿ, ಅಷ್ಟೇ ಎಂದೆ. ಅಜ್ಜಿ ವಿಭೂತಿಯಲ್ಲಿ ಬೆರಳದ್ದಿ ಚುಕ್ಕಿ ಇಡತೊಡಗಿದರು. ಮೋಡದ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ.

ಡಿಸೆಂಬರ್ ಒಂಬತ್ತಕ್ಕೆ ಬೆಳಕು ನನ್ನ ಗೆರೆ ದಾಟಿತು.

ಶಾಲೆಗೆ ಹೋಗುವ ದಾರಿಯಲ್ಲಿ ಸುದ್ದಿ ಕೇಳಿದೆ. ಇನ್ನೂ ಹದಿಮೂರು ದಿನ ಬಾಕಿ, ಆಗಲೇ ದಾಟಿದೆ. ಟೇಪು ತಪ್ಪಿತೇ? ಸಂಜೆ ಅಬ್ಬಾ ನಮ್ಮ ಅಂಗಳದ ಹಗ್ಗವನ್ನು ಮತ್ತೆ ಅಳೆದರು, ಸರಿಯಿತ್ತು. ಅವರ ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಕಂಡೆ. “ಪಾಯ ಖರೇನ ಕುಸದೈತೇನು, ಸೈಮಾ?” ಎಂದು ಮೆಲ್ಲಗೆ ಕೇಳಿದರು. ಆ ಪ್ರಶ್ನೆಯನ್ನು ಅವರ ಬಾಯಲ್ಲಿ ಇಟ್ಟವಳು ನಾನು ಎಂಬುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಟೀಚರ್ ನನ್ನ ಲೆಕ್ಕವನ್ನು ಎರಡು ಸಲ ನೋಡಿದರು.

“ಇಪ್ಪತ್ಮೂರೂವರೆ ಯಾರಿಗೆ?”

“ಎಲ್ಲರಿಗೂ ಅಲ್ವಾ, ಮಿಸ್?”

“ಭೂಮಧ್ಯರೇಖೆ ಮ್ಯಾಲೆ ನಿಂತೋರಿಗೆ. ಅಲ್ಲಿ ಸೂರ್ಯ ನೆಟ್ಟಗೆ ಮ್ಯಾಲೆ ಏರ್ತಾನೆ. ನೀನು ನಿಂತಿರೋದು ಎಲ್ಲಿ?”

“ಕೊಟ್ಟೂರಾಗ.”

“ಅಟ್ಲಾಸ್ ತೆಗಿ.”

ಕೊಟ್ಟೂರು ಹದಿನೈದು ಡಿಗ್ರಿಗೆ ಸ್ವಲ್ಪ ಕಡಿಮೆ ಉತ್ತರದಲ್ಲಿದೆ. ಇಲ್ಲಿ ಸೂರ್ಯನ ದಾರಿ ಓರೆ. ಓರೆ ದಾರಿ ನೆಲವನ್ನು ಇನ್ನಷ್ಟು ದಕ್ಷಿಣದಲ್ಲಿ ಸಂಧಿಸುತ್ತದೆ. ಟೀಚರ್ ಲಾಗ್ ಟೇಬಲ್ ಹಿಡಿದು ಲೆಕ್ಕ ಹಾಕುವುದನ್ನು ತೋರಿಸಿದರು. ಇಪ್ಪತ್ನಾಲ್ಕು ಡಿಗ್ರಿ, ಮೇಲೆ ಸ್ವಲ್ಪ. ಒಂದು ಡಿಗ್ರಿಯೂ ಇಲ್ಲದ ವ್ಯತ್ಯಾಸ. ಗೋಡೆಯ ಮೇಲೆ ಅದು ಆರೂವರೆ ಇಂಚು. ನಾನು ಪುಸ್ತಕದ ಅಂಕಿಯನ್ನು ನಂಬಿ ನನ್ನ ಊರು ಎಲ್ಲಿದೆ ಎಂಬುದನ್ನೇ ಮರೆತಿದ್ದೆ.

ಹದಿನಾಲ್ಕನೇ ತಾರೀಖು ಭಾನುವಾರ ಅಬ್ಬಾ ಕೂಡ ಜೊತೆಗೆ ಬಂದರು. ಗುರುಸಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು.

“ಗೆರಿ ದಾಟೇತಿ. ಹರಪನಹಳ್ಳಿ ಮಂಜಣ್ಣಗ ಹೇಳೀನಿ. ಹದಿನೆಂಟಕ್ಕ ಬಂದು ಒಡೀತಾನ.”

“ಗೆರಿ ತಪ್ಪೈತ್ರಿ,” ಎಂದೆ. “ನಾನ ತಪ್ಪು ಎಳದಿದ್ದೆ. ಬಾಗ್ಲ ತಪ್ಪಿಲ್ಲ.”

“ಸೋತಮ್ಯಾಲ ಗೆರಿ ತಪ್ಪೇನು? ನಾಳೆ ಇನ್ನೊಂದು ಎಳೀತಿ, ನಾಡಿದ್ದು ಮತ್ತೊಂದು.”

“ಇನ್ನೊಂದ ಎಳೀತೀನ್ರಿ. ಮೂರನೇದು ಎಳಿಯಂಗಿಲ್ಲ.” ಹದಿಮೂರು ಅಡಿ ಮೂರು ಇಂಚಿಗೆ ಎರಡನೇ ಗೆರೆ ಎಳೆದೆ. ಗೆರೆ ನೆಟ್ಟಗೆ ಬಂತು. ಮೊದಲ ಗೆರೆಯನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲಿ ‘ತಪ್ಪು’ ಎಂದು ಬರೆದೆ.

“ಹದಿನೆಂಟಕ್ಕ ಗ್ವಾಡಿನ ಇರಂಗಿಲ್ಲ,” ಎಂದರು ಗುರುಸಂಗಪ್ಪನವರು.

“ಹದಿನಾರಕ್ಕ ಧನುರ್ಮಾಸ ಕೂಡ್ತೈತಲೇ,” ಎಂದರು ನಾಗಲಿಂಗಮ್ಮ ಕುಳಿತಲ್ಲಿಂದಲೇ. “ಆ ತಿಂಗಳು ಒಂದು ಮೊಳಿ ಬಡಿಯಾಕ ಬಿಡದೋನು ನೀನು. ಸಿಂಹಬಾಗ್ಲ ಕೀಳ್ತಿಯೇನು?”

“ಯವ್ವಾ, ಇದು ರಿಪೇರಿ.”

“ಪಂಚಾಂಗದಾಗ ರಿಪೇರಿ ಬ್ಯಾರೆ ಅಂತ ಬರದೈತಾ? ತಗಂಬಾ, ಓದು.”

ಗುರುಸಂಗಪ್ಪನವರು ತಮ್ಮ ಪಂಚಾಂಗಕ್ಕೆ ತಾವೇ ಸಿಕ್ಕಿಬಿದ್ದಿದ್ದರು. “ಹಂಗಾರ ಸಂಕ್ರಾಂತಿ ದಿನ, ಪೂಜಿ ಆದಮ್ಯಾಲ,” ಎಂದು ಒಳಗೆ ಹೋದರು.

ಆಮೇಲಿನ ಚುಕ್ಕಿಗಳು ಒತ್ತೊತ್ತಾಗುತ್ತಾ ಹೋದವು. ಮೊದಮೊದಲು ದಿನಕ್ಕೆ ಒಂದೂವರೆ ಇಂಚು ಸರಿಯುತ್ತಿದ್ದ ಬೆಳಕು ಈಗ ಕೂದಲೆಳೆಯಷ್ಟು ಸರಿಯುತ್ತಿತ್ತು. ಇಪ್ಪತ್ತೆರಡರ ಸೋಮವಾರ, ಶಾಲೆಗೆ ಮೊದಲು ನಾನು ಅಲ್ಲಿದ್ದೆ. ಬಿಲ್ಲೆಯ ನಡು ಎರಡನೇ ಗೆರೆಗೆ ಅರ್ಧ ಬೆರಳು ಈಚೆಗೆ, ಗೆರೆ ದಾಟದೆ ನಿಂತಿತ್ತು. ಮರುದಿನವೂ ಅಲ್ಲೇ. ಅದರ ಮರುದಿನವೂ. ಅಜ್ಜಿಯ ಚುಕ್ಕಿಗಳು ಒಂದರ ಮೇಲೊಂದು ಕುಳಿತು ಬಿಳಿಯ ಗುಪ್ಪೆಯಾದವು.

“ನಿಂತೈತಿ,” ಎಂದರು ಗುರುಸಂಗಪ್ಪನವರು, “ತಿರುಗಿಲ್ಲ.”

“ಉಯ್ಯಾಲಿ ತುದೀಗ ಹೋದಾಗ ನಿಂತಂಗ ಕಾಣ್ತೈತ್ರಿ,” ಎಂದೆ.

ಹೊಸ ವರ್ಷ ಬರುವಾಗ ರಂಜಾನ್ ಶುರುವಾಯಿತು. ಬೆಳಕು ಹಿಂದಕ್ಕೆ ಹೊರಟಿತ್ತು. ಜನವರಿ ಮೊದಲ ವಾರ ಅದು ಗುಪ್ಪೆಯನ್ನು ಬಿಟ್ಟು ಹಳೆಯ ಚುಕ್ಕಿಗಳ ಮೇಲೆಯೇ ಒಂದೊಂದಾಗಿ ಹೆಜ್ಜೆ ಇಡುತ್ತಾ ಗೂಡಿನ ಕಡೆಗೆ ನಡೆಯಿತು. ನಾಗಲಿಂಗಮ್ಮ ಹೊಸ ಚುಕ್ಕಿಗಳನ್ನು ಕುಂಕುಮದಲ್ಲಿ ಇಟ್ಟರು, ಹೋದದ್ದು ಬಿಳಿ, ಬಂದದ್ದು ಕೆಂಪು. ಆ ಉಪಾಯ ನಾನು ಹೇಳಿಕೊಟ್ಟದ್ದಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಮಂಜಣ್ಣ ಹಾರೆಯೊಂದಿಗೆ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಗೃಹಪ್ರವೇಶದ ದಿನ ನಕ್ಕಿದ್ದ ಬೀಗರೂ ಇದ್ದರು. ರೋಜಾ ಉಪವಾಸ ಹಿಡಿದಿದ್ದ ಅಬ್ಬಾ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ಬಾಗಿಲು ಮುಚ್ಚಿದರು. ಬೆಳಕು ಬಂದು, ಗೃಹಪ್ರವೇಶದ ದಿನ ಬಿದ್ದಿದ್ದ ಜಾಗಕ್ಕೆ ಇನ್ನು ನಾಲ್ಕು ಬೆರಳು ಬಾಕಿ ಇರುವಲ್ಲಿ ನಿಂತಿತು.

“ನಾಡಿದ್ದು ಸರಿಯಾಗಿ ಅದ ಜಾಗಕ್ಕ ಬರ್ತೈತಿ,” ಎಂದೆ.

ಅಬ್ಬಾ ಮುಂದೆ ಬಂದು ಬಿಳಿಯ ಸಾಲಿನ ಮೇಲೆ ಬೆರಳಾಡಿಸಿದರು, ಆಮೇಲೆ ಕೆಂಪು ಸಾಲಿನ ಮೇಲೆ.

“ಸಾವ್ಕಾರ್ರ, ಬೆಳಕು ಒಂದೂಮುಕ್ಕಾಲು ಅಡಿ ಆ ಕಡಿ ಹೋಗಿ ಈ ಕಡಿ ಬಂತು. ನಾ ಕಟ್ಟಿದ ಗ್ವಾಡಿ ಹೋಗಿ ಬಂತೇನ್ರಿ?”

ಗುರುಸಂಗಪ್ಪನವರು ಗೋಡೆ ನೋಡಿದರು. ಎರಡನೇ ಗೆರೆ, ಗುಪ್ಪೆ, ‘ತಪ್ಪು’ ಎಂದು ಬರೆದ ಮೊದಲ ಗೆರೆ. “ಸಂಕ್ರಾಂತಿ ಇವತ್ತು ಐತಿ,” ಎಂದು ತಮ್ಮಷ್ಟಕ್ಕೆ ಗೊಣಗಿದರು. “ಇದು ಮೂರು ವಾರ ಮೊದ್ಲ ತಿರುಗೇತಿ.” ಆಮೇಲೆ ಬಾಗಿಲು ತೆರೆದು, “ಮಂಜಣ್ಣ, ಎಳ್ಳುಬೆಲ್ಲ ತಗಂಡು ಹೋಗಪ್ಪ,” ಎಂದರು.

“ಹಾರಿ?” ಎಂದ ಮಂಜಣ್ಣ.

“ಅದನ್ನೂ ತಗಂಡು ಹೋಗು.”

ಬೀಗರು ಗೋಡೆಗೆ ಹೊಸ ಬಣ್ಣ ಬಳಿಸಬೇಕು ಎಂದರು. ನಾಗಲಿಂಗಮ್ಮ, “ನನ್ನ ಚುಕ್ಕಿ ಯಾರಾದ್ರೂ ಮುಟ್ಟಿದ್ರ ನೋಡ್ರಿ,” ಎಂದರು. ಅಬ್ಬಾರ ಪಾಲಿನ ಎಳ್ಳುಬೆಲ್ಲವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, “ಸಂಜೀಕ ಹೊತ್ತು ಮುಳುಗಿದಮ್ಯಾಲ ತಿನ್ನಪ್ಪ,” ಎಂದು ಅವರಿಗೆ ಹೇಳಿ ನನ್ನ ಕೈಗೆ ಕೊಟ್ಟರು.

ಮಾರ್ಚ್ ಇಪ್ಪತ್ತೊಂದರ ನಸುಕಿಗೆ ಗುರುಸಂಗಪ್ಪನವರು ನಮ್ಮ ಮನೆಗೆ ಆಳು ಕಳಿಸಿದರು. ಇವತ್ತು ಬೆಳಕು ಕೊಟ್ಟೂರೇಶನ ಮುಖದ ಮೇಲೆ ಬೀಳುವುದಂತೆ, ಊರಿನವರೆಲ್ಲ ಬರುತ್ತಿದ್ದಾರಂತೆ, ದಸ್ತಗಿರಿ ಬರಲೇಬೇಕಂತೆ. ಅಬ್ಬಾ ಸೈಕಲ್ಲಿಗೆ ಗೂಟ, ಹಗ್ಗ, ತೂಕದ ಗುಂಡು ಕಟ್ಟುತ್ತಿದ್ದರು. ಹಗರಿಬೊಮ್ಮನಹಳ್ಳಿಯವರು ಮತ್ತೆ ಕರೆದಿದ್ದರು.

“ನಾ ಯಾಕ ನೋಡ್ಲಿ? ನಂಗ ಮೊದ್ಲ ಗೊತ್ತಿತ್ತು,” ಎಂದರು. “ನೋಡಬೇಕಾದೋರು ನೋಡ್ಲಿ.”

ಬಿಸಿಲು ಏರುವ ಮೊದಲೇ ಅಲ್ಲಿ ಗೂಟ ನೆಡಬೇಕಿತ್ತು. ಸೈಕಲ್ ಹತ್ತಿ ಹಗರಿಬೊಮ್ಮನಹಳ್ಳಿಯ ದಾರಿ ಹಿಡಿದರು.