ಕೊರಮೀನಿನ ತಲೆ

ಮೌನೇಶಾಚಾರಿಯವರ ತಟ್ಟೆಯಲ್ಲಿ ಪಾದರಸದ ಹನಿ ಓಡಾಡುವುದನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೆರಳಿಟ್ಟರೆ ಒಡೆದು ಚೂರಾಗುತ್ತಿತ್ತು, ತಟ್ಟೆ ಓರೆ ಮಾಡಿದರೆ ಮತ್ತೆ ಒಂದಾಗುತ್ತಿತ್ತು. ಅದರಲ್ಲಿ ಚಿನ್ನ ಕರಗಿಸಿ, ಹಿತ್ತಾಳೆಯ ಕಳಶಕ್ಕೆ ಬಳಿದು, ಕಾಯಿಸಿ ಹೊಳಪು ತರುವುದು ಅವರ ಕಸುಬು. ತೊಳೆದ ನೀರು ಕಾಲುವೆ ಹಿಡಿದು ಕೆರೆ ಸೇರುತ್ತಿತ್ತು.

ಆ ಕೆರೆಯಲ್ಲಿ ಮೀನು ಹಿಡಿಯುವವರು ನಾವು. ನಮ್ಮಲ್ಲಿ ಬಲೆಗೆ ಬಿದ್ದ ದೊಡ್ಡ ಮೀನು ಬಸುರಿಗೇ ಮೀಸಲು. ನಾನು ಚೊಚ್ಚಲ ಬಸುರಿಯಾದಾಗ ಅತ್ತೆ ದ್ಯಾಮವ್ವ ಕೊರಮೀನಿನ ತಲೆಯನ್ನು ಬೇರೆ ಯಾರ ತಟ್ಟೆಗೂ ಹೋಗಗೊಡಲಿಲ್ಲ. ನನ್ನ ಗಂಡ ಆಸೆಯಿಂದ ನೋಡಿದರೆ, "ನೀನೂ ಬಸರಾಗು, ಆಗ ಕೊಡ್ತೀನಿ" ಎನ್ನುತ್ತಿದ್ದಳು.

ಆಗಲೇ ಕೆರೆ ಪರೀಕ್ಷಿಸಲು ವಸುಧಾ ಎಂಬ ವಿಜ್ಞಾನಿ ಬಂದರು. ನೀರು ಪರವಾಗಿಲ್ಲ ಎಂದರು, ಊರು ನಿರಾಳವಾಯಿತು. ಮೀನನ್ನು ಪರೀಕ್ಷಿಸಿದ ಮೇಲೆ ಅವರೇ ನಮ್ಮ ಮನೆಗೆ ಬಂದು, ನನ್ನ ಹೊಟ್ಟೆ ನೋಡಿ ಅತ್ತೆಯನ್ನೂ ಹತ್ತಿರ ಕರೆದು ಹೇಳಿದರು.

"ತಳದ ಕೆಸರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇವೆ. ಪಾದರಸವನ್ನು ಅವು ಇನ್ನೂ ಕೆಟ್ಟ ವಿಷವಾಗಿ ಮಾರ್ಪಡಿಸ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗ್ತಾ ಹೆಚ್ಚುತ್ತೆ. ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಅಪಾಯ. ಈ ಮೀನು ತಿನ್ನೋದು ಇವತ್ತೇ ನಿಲ್ಲಿಸಿ."

ಅತ್ತೆ ಸೌಟು ಕೆಳಗಿಟ್ಟಳು. "ನಾನ ತಿನ್ನಿಸೀನಲ್ರೀ, ಒತ್ತಾಯ ಮಾಡಿ" ಎಂದಳು. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಭಯವೇ ಅಷ್ಟಿತ್ತು.

ಸುದ್ದಿ ಕೇಳಿದ ಆಚಾರಿ ಒಲೆ ಆರಿಸಿ, ಕಸುಬನ್ನೇ ಬಿಟ್ಟರು. ಹಿರಿಯರು ಕೆರೆಯ ಹೂಳೆತ್ತಿಸಲು ಹೊರಟಾಗ, ಕೆಸರು ಕದಡಿದರೆ ಕೇಡು ಹೆಚ್ಚೀತೆಂದು ವಸುಧಾ ತಡೆದರು. ಅವರು ಕೇಳಿದ್ದು ಆಚಾರಿಯವರ ಕಾಲುವೆಯ ಒಂದು ಬುಟ್ಟಿ ಕೆಸರನ್ನು.

"ಆ ಹೊಲಸು ಯಾಕ್ರೀ ತಾಯಿ?" ಎಂದರು ಆಚಾರಿ.

"ಪಾದರಸದ ನಡುವೆಯೇ ಬದುಕಲು ಕಲಿತ ಬೇರೆ ಬ್ಯಾಕ್ಟೀರಿಯಾ ಅದರಲ್ಲಿವೆ. ಆ ವಿಷ ಮುರಿದು ಮತ್ತೆ ಬರೀ ಪಾದರಸ ಮಾಡೋದು ಅವಕ್ಕೆ ಗೊತ್ತು. ಜಾಡಿಯಲ್ಲಿ ಬೆಳೆಸಿದರೆ ಆ ಪಾದರಸ ಕೆರೆಗೆ ಹೋಗದೆ ಜಾಡಿಯ ತಳದಲ್ಲೇ ಉಳಿಯುತ್ತೆ."

ಕಾಲುವೆಯಲ್ಲಿ ಹಳೆಯ ಪಾದರಸ ಇನ್ನೂ ಕೂತಿತ್ತು. ಅಲ್ಲಿಯ ನೀರನ್ನು ಈ ಜೀವಿಗಳನ್ನು ಬೆಳೆಸಿದ ಮುಚ್ಚಿದ ಜಾಡಿಗಳ ಮೂಲಕ ಹಾಯಿಸಿಯೇ ಕೆರೆಗೆ ಬಿಡತೊಡಗಿದರು. ಜಾಡಿಗಳನ್ನು ಕಾಯುವುದೇ ಆಚಾರಿಯವರ ಹೊಸ ಕಸುಬಾಯಿತು.

ನನಗೆ ಮಗಳು ಹುಟ್ಟಿದಳು. ಆಕೆ ನಡೆದು, ಮಾತಾಡುವವರೆಗೂ ಅತ್ತೆಗೂ ನನಗೂ ಜೀವದಲ್ಲಿ ಜೀವವಿರಲಿಲ್ಲ. ಆಮೇಲೆ ಆಕೆಯ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಒಮ್ಮೆ ಆಚಾರಿ ಆಕೆಯನ್ನು ಎತ್ತಿಕೊಂಡು ಜಾಡಿಯ ತಳ ತೋರಿಸಿದರು. ಅಲ್ಲಿ ಸಾಸಿವೆಗಿಂತ ಸಣ್ಣದೊಂದು ಹನಿ ಹೊಳೆಯುತ್ತಿತ್ತು.

"ಹೊಳ್ಳಿ ಬಂತು ನೋಡವಾ, ನನ್ನ ಪಾದರಸ" ಎಂದರು. ಅವರ ಕಣ್ಣು ತುಂಬಿತ್ತು.

ಹೊಸ ಪಾದರಸ ಸೇರುವುದು ನಿಂತರೂ, ಕೆರೆ ಚೇತರಿಸಿಕೊಳ್ಳಲು ಆ ಮಗಳೇ ಬಸುರಿಯಾಗುವಷ್ಟು ಕಾಲ ಹಿಡಿಯಿತು. ಮೀನು ತಿನ್ನಬಹುದೆಂದು ವಸುಧಾ ಹೇಳಿಕಳಿಸಿದ್ದಾರೆ. ಆದರೂ ಮುದುಕಿಯಾದ ಅತ್ತೆ ಬೆರಳುದ್ದದ ಮೀನನ್ನೇ ಆರಿಸಿ ಮೊಮ್ಮಗಳಿಗೆ ಬಡಿಸುತ್ತಾಳೆ. ಕೊರಮೀನಿನ ತಲೆ ಕಡೆಗೂ ನನ್ನ ಗಂಡನ ಪಾಲಿಗೆ ಬಂದಿದೆ. ಮೊಮ್ಮಗಳು ಮೊದಲ ತುತ್ತು ನುಂಗುವವರೆಗೆ ಅತ್ತೆ ಸೌಟು ಹಿಡಿದು ನಿಂತೇ ಇರುತ್ತಾಳೆ. ಆಮೇಲೆ, "ಇನ್ನೊಂದು ಹಾಕ್ಲೇನವಾ?" ಎಂದು ಮೆಲ್ಲನೆ ಕೇಳುತ್ತಾಳೆ.