ಎರಡು ಸೀಟಿಗೆ ಹೊರಗೆ

ಘೋಡಗೇರಿಯಲ್ಲಿ ಕೊನೆಯ ಪ್ಯಾಸೆಂಜರ್ ಇಳಿದ ಮೇಲೆ ಬಸ್ಸಿನಲ್ಲಿ ಒಂದು ಬುಟ್ಟಿ ಉಳಿದಿತ್ತು. ಯಾರೋ ಬದನೆಕಾಯಿ ಮರೆತು ಹೋಗಿದ್ದಾರೆ ಅಂದುಕೊಂಡು ಕಂಡಕ್ಟರ್ ಆಮ್ರಪಾಲಿ ಮೇಲಿನ ಬಟ್ಟೆ ಸರಿಸಿದಳು. ಬದನೆಕಾಯಿಯಷ್ಟೇ ಕಪ್ಪಗೆ ಮಿರಮಿರ ಮಿಂಚುವ ಒಂದು ಹೆಣ್ಣು ಕುನ್ನಿ ಕಣ್ಣು ತೆರೆದು, ಅವಳನ್ನು ನೋಡಿ, ಆಕಳಿಸಿತು.

"ಟಿಕೆಟ್ ತಗಸೈತೇನ ಕೇಳ್ರಿ ಅಕ್ಕಾರ," ಎಂದ ಡ್ರೈವರ್ ಸೈಫಅಲಿ, ಸ್ಟೇರಿಂಗ್ ಮೇಲೆ ಗದ್ದ ಊರಿ.

"ಪಾಸ್ ಇರಬೇಕ ತಗೋ ಸೈಫಣ್ಣಾ."

ಹಾಗೆ ಅದಕ್ಕೆ ಪಾಸ್ ಎಂದೇ ಹೆಸರಾಯಿತು. ಮರುದಿನ ಅದೇ ಬಸ್ಸಿನಲ್ಲಿ ಹತ್ತಿಳಿದವರನ್ನೆಲ್ಲ ಆಮ್ರಪಾಲಿ ವಿಚಾರಿಸಿದಳು. ಬುಟ್ಟಿ ನಮ್ಮದು ಎಂದವರು ಇಬ್ಬರು ಸಿಕ್ಕರು. ಕುನ್ನಿ ನಮ್ಮದು ಎಂದವರು ಒಬ್ಬರೂ ಸಿಗಲಿಲ್ಲ.

ಕೊಣ್ಣೂರಿನ ಅವಳ ಮನೆಯಲ್ಲಿ ಅತ್ತೆ ಉದ್ದವ್ವನ ಆಳ್ವಿಕೆ. ಓಣಿಯಲ್ಲೆಲ್ಲ ಉದ್ದವ್ವನ ಮನೆಯ ಫರಸಿ ನೆಲಕ್ಕೆ ಹೆಸರಿತ್ತು. ದಿನಕ್ಕೆ ಎರಡು ಸಲ ಒರೆಸಿ ಒರೆಸಿ ಅದನ್ನು ಕನ್ನಡಿ ಮಾಡಿಟ್ಟಿದ್ದಳು. ಪಾಸ್ ಒಳಗೆ ಬಂದು, ಆ ಕನ್ನಡಿಯಲ್ಲಿ ತನ್ನ ಮುಖವನ್ನು ಒಂದು ಗಳಿಗೆ ನೋಡಿಕೊಂಡು, ಅದರ ಮೇಲೆಯೇ ಕೂತು ಉಚ್ಚೆ ಹೊಯ್ದಿತು.

ಉದ್ದವ್ವ ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೇ ಹೆಚ್ಚು ಹೆದರಿಕೆ.

"ಒಂದ ವಾರ," ಎಂದಳು. "ಒಂದ ವಾರದಾಗ ಒಳಗ ಹೊಲಸ ಮಾಡೂದ ಬಿಡಬೇಕ. ಇಲ್ಲಂದ್ರ ಬಂದ ಬಸ್ಸಿಗೇ ಹತ್ತಿಸಿ ಕಳಸ."

ಮೊದಲು ಕೈಹಾಕಿದವನು ಆಮ್ರಪಾಲಿಯ ಗಂಡ ಅಜಿತ. ಗೋಕಾಕದಲ್ಲಿ ಪಂಪಸೆಟ್ಟಿನ ಮೋಟರ್ ರಿಪೇರಿ ಮಾಡುವ ಅವನಿಗೆ ಮೊಬೈಲಿನಲ್ಲಿ ನೋಡಿದರೆ ಜಗತ್ತಿನ ಯಾವ ಕೆಲಸವಾದರೂ ಬರುತ್ತದೆಂಬ ನಂಬಿಕೆ. ವಿಡಿಯೋ ನೋಡಿ ಮೂಲೆಯಲ್ಲಿ ಪೇಪರ್ ಹಾಸಿದ. ಪಾಸ್ ಎರಡೇ ದಿನದಲ್ಲಿ ಕಲಿತುಬಿಟ್ಟಿತು, ಅದೂ ಬೇಕಾದ್ದಕ್ಕಿಂತ ಹೆಚ್ಚು. ಕಾಗದ ಕಂಡಲ್ಲೆಲ್ಲ ಕೂರತೊಡಗಿತು. ಪಕ್ಕದ ಮನೆಯ ಮೌಲಾಬಿ ತನ್ನ ಮೊಮ್ಮಗಳು ಫರೀನಳ ಮದುವೆಯ ಕಾರ್ಡು ತಂದು ಉದ್ದವ್ವನ ಕೈಗೆ ಕೊಟ್ಟಳು. ಚಹಾ ಇಡಲು ಎದ್ದ ಉದ್ದವ್ವ ಅದನ್ನು ಚಾಪೆಯ ಮೇಲಿಟ್ಟಳು, ಅಷ್ಟೇ. ಚಹಾ ಬರುವಷ್ಟರಲ್ಲಿ ಮದುವೆಯ ತಾರೀಖು ತೊಯ್ದು ತಪ್ಪಡಿಯಾಗಿತ್ತು.

"ಇರ್ಲಿ ಬಿಡ್ರಿ ಉದ್ದಕ್ಕ," ಎಂದಳು ಮೌಲಾಬಿ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು. "ತಾರೀಖ ನಾ ಬಾಯಿಲೇ ಹೇಳ್ತೇನಿ."

ಉದ್ದವ್ವನ ಮುಖ ಕೆಂಪಗಾಯಿತು. "ಇನ್ನ ಐದ ದಿನ," ಎಂದು ಸೊಸೆಗೆ ಬೆರಳು ತೋರಿಸಿದಳು.

ಆಮ್ರಪಾಲಿ ಆ ಸಂಜೆ ಪೇಪರನ್ನೆಲ್ಲ ಮಡಿಚಿ ಅಟ್ಟಕ್ಕೆ ಹಾಕಿ, ಕೊರಳಲ್ಲಿದ್ದ ಡ್ಯೂಟಿ ಸೀಟಿಯನ್ನು ಕೈಗೆ ತೆಗೆದುಕೊಂಡಳು. ಹನ್ನೊಂದು ವರ್ಷ ಒಂದು ಸೀಟಿಗೆ ಬಸ್ ನಿಲ್ಲಿಸಿ, ಎರಡು ಸೀಟಿಗೆ ಬಸ್ ಬಿಡಿಸಿದವಳು. ಅಷ್ಟು ದೊಡ್ಡ ಬಸ್ ಕೇಳುತ್ತದೆ, ಇಷ್ಟಗಲದ ಕುನ್ನಿ ಕೇಳುವುದಿಲ್ಲವೇ? ಎರಡು ಸೀಟಿ ಊದಿದಳು, ಎತ್ತಿಕೊಂಡು ಹೋಗಿ ಹಿತ್ತಲ ಬೇವಿನ ಗಿಡದ ಬುಡಕ್ಕೆ ಬಿಟ್ಟಳು, ಕೆಲಸ ಮುಗಿದ ಕೂಡಲೇ ರೊಟ್ಟಿಯ ಚೂರು ಕೊಟ್ಟಳು. ಒಂದು ಸೀಟಿ ಊದಿದಳು, ಕುಂಡಿ ಒತ್ತಿ ಕೂಡಿಸಿದಳು, ಮತ್ತೆ ರೊಟ್ಟಿ. ಮರುದಿನ ಬೆಳಗ್ಗೆ ಎರಡು ಸೀಟಿ ಊದಿದಾಗ ಪಾಸ್ ತಾನಾಗಿಯೇ ಬೇವಿನ ಕಡೆ ಓಡಿತು. ಆಮ್ರಪಾಲಿ ಅವತ್ತು ಎಂಥ ಹುರುಪಿನಲ್ಲಿ ಡ್ಯೂಟಿಗೆ ಹೋದಳೆಂದರೆ, ಚಿಲ್ಲರೆ ಇಲ್ಲ ಎಂದವರಿಗೂ ಬೈಯಲಿಲ್ಲ.

ಸಂಜೆ ಬಂದರೆ ಅಂಗಳದಲ್ಲಿ ಉದ್ದವ್ವನ ಹಾಸಿಗೆ ಒಣಗುತ್ತಿತ್ತು.

"ನಿನ್ನ ನಾಯಿಗಿ ಹುಚ್ಚ ಹಿಡದೈತಿ. ಹೊರಗ ಓಡತೈತಿ, ನಡಬರಕ ಕುಂದ್ರತೈತಿ, ಮತ್ತ ಎದ್ದ ಓಡತೈತಿ. ಕಡೀಕ ದಣದ ಬಂದ ನನ್ನ ಹಾಸಿಗಿ ಮ್ಯಾಲ..." ಉದ್ದವ್ವ ಒಣಗುವ ಹಾಸಿಗೆಯ ಕಡೆ ಕೈ ತೋರಿಸಿದಳು.

ಕಾರಣ ಗೊತ್ತಾದದ್ದು ಮರುದಿನ ಬೆಳಗ್ಗೆ. ಒಲೆಯ ಮೇಲಿನ ಕುಕ್ಕರ್ ಒಮ್ಮೆ ಸೀಟಿ ಹೊಡೆಯಿತು. ಪಾಸ್ ಟಪ್ಪನೆ ಕೂತಿತು. ಎರಡನೆಯದಕ್ಕೆ ಎದ್ದು ಹಿತ್ತಲಿಗೆ ಓಡಿತು. ಮೂರಕ್ಕೆ ಬಾಗಿಲಲ್ಲೇ ಕೂತಿತು, ನಾಲ್ಕಕ್ಕೆ ಮತ್ತೆ ಓಡಿತು. ಅಷ್ಟರಲ್ಲಿ ಮೌಲಾಬಿಯ ಮನೆಯಲ್ಲಿ ಅನ್ನದ ಕುಕ್ಕರ್ ಶುರುವಾಯಿತು. ಪಾಪದ ಕುನ್ನಿ ನಾಲಿಗೆ ಹೊರಗೆ ಹಾಕಿಕೊಂಡು ಓಡುತ್ತಿತ್ತು, ಕೂರುತ್ತಿತ್ತು.

ಆಮ್ರಪಾಲಿ ಗೋಡೆ ಹಿಡಿದು ನಕ್ಕಳು. ಆಮೇಲೆ ನಗು ನಿಂತಿತು. ಬ್ಯಾಳಿ ಬೇಯಿಸಬೇಡಿ ಎಂದು ಅತ್ತೆಗೆ ಹೇಳಲು ಯಾರಿಗೆ ಎದೆಗಾರಿಕೆಯಿದೆ? ಹಾಗೆಯೇ ಡ್ಯೂಟಿಗೆ ಹೋದಳು. ಅವತ್ತು ಸೀಟಿ ಬಾಯಿಗಿಟ್ಟಾಗಲೆಲ್ಲ ಮನಸ್ಸು ಮನೆಯ ಕಡೆ ಓಡುತ್ತಿತ್ತು.

ಸಂಜೆ ಹೆದರುತ್ತಲೇ ಒಳಗೆ ಬಂದಳು. ಫರಸಿ ಒಣಗಿತ್ತು, ಹಾಸಿಗೆ ಒಳಗಿತ್ತು, ಪಾಸ್ ನೆಮ್ಮದಿಯಾಗಿ ಮಲಗಿತ್ತು. ಮರುದಿನವೂ ಅಷ್ಟೇ. ಬ್ಯಾಳಿ ಮಾತ್ರ ಹೊಗೆ ಹೊಗೆ ವಾಸನೆ, ಅತ್ತೆಯ ಕಣ್ಣು ಕೆಂಪಗೆ.

"ಕುಕ್ಕರ್‌ಗೆ ಏನ ಆತ್ರಿ ಅತ್ತಿ?"

"ರಬ್ಬರ್ ಹೋಗೇತಿ. ಹೊರಗಿನ ಒಲ್ಯಾಗ ಬೇಸೇನಿ. ಸುಮ್ನ ಉಣ್ಣ."

ಆಮ್ರಪಾಲಿ ಪಾತ್ರೆ ತಿಕ್ಕುವಾಗ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿದಳು. ರಬ್ಬರ್ ಹೊಚ್ಚ ಹೊಸದು. ಹಿತ್ತಲ ಗೋಡೆಯಾಚೆಯಿಂದ ಮೌಲಾಬಿ ತಲೆ ಎತ್ತಿದಳು.

"ನಿಮ್ಮ ಅತ್ತಿ ನಂಗೂ ಬಂದ ಹೇಳ್ಯಾಳ ನೋಡ ಆಮ್ರಪಾಲಿ. 'ಮೌಲಾಬಿ, ನಾಕ ದಿನ ಕುಕ್ಕರ್ ಇಡಬ್ಯಾಡ, ನಮ್ಮ ಹುಡುಗಿ ಕಲ್ಯಾಕತ್ತೈತಿ' ಅಂತ. ನಾ ಯಾವ ಹುಡುಗಿ ಅಂತ ತಿಳೀದ ಕಂಗಾಲಾದೆ."

ಆಮ್ರಪಾಲಿಗೆ ನಗು ಬಂತು. ಕಣ್ಣೂ ತುಂಬಿತು. ಒಳಗೆ ಬಂದು ಅತ್ತೆಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಉದ್ದವ್ವ ಹಟಕ್ಕೆ ಬಿದ್ದು ಆಗಲೇ ಕುಕ್ಕರ್ ಇಟ್ಟುಬಿಡುತ್ತಿದ್ದಳು.

ವಾರ ತುಂಬಿದ ಭಾನುವಾರ ಆಮ್ರಪಾಲಿಗೆ ರಜೆ. ಗೋಕಾಕದ ಪೇಟೆಯಿಂದ ತಂದ ಇನ್ನೊಂದು ಸೀಟಿಯನ್ನು ಅತ್ತೆಯ ಕೈಗಿಟ್ಟಳು. "ನಾ ಡ್ಯೂಟಿಗಿ ಹೋದಾಗ ನೀವು ಊದ್ರಿ. ಇಡೂದಾದ್ರ," ಎಂದು ತಡೆದು, "ನಾಯೀನ ಇಡೂದಾದ್ರ."

ಉದ್ದವ್ವ ಸೀಟಿ ಬಾಯಿಗಿಟ್ಟು ಊದಿದಳು. ಮುಂದಿನ ಮೂರು ಹಲ್ಲಿಲ್ಲದ ಬಾಯಿಯಿಂದ ಬುಸ್ ಎಂದು ಗಾಳಿ ಬಂತು, ಅಜಿತನ ಮುಖಕ್ಕೆ ಉಗುಳು ಸಿಡಿಯಿತು. ಇನ್ನೊಮ್ಮೆ ಊದಿದಳು. ಕುನ್ನಿ ತಲೆ ಓರೆ ಮಾಡಿ, ಮುದುಕಿಗೆ ಏನಾಯಿತೋ ಎಂಬಂತೆ ನೋಡಿತು.

"ಥೂ, ಹಾಳಾದದ್ದ!" ಉದ್ದವ್ವ ಸೀಟಿಯನ್ನು ಸೊಸೆಯ ಮಡಿಲಿಗೆ ಒಗೆದಳು. ಆಮೇಲೆ ಕುನ್ನಿಯ ಕಡೆ ತಿರುಗಿ, ಮನೆಯವರು ಯಾರೂ ಈವರೆಗೆ ಕೇಳದ ಮೆತ್ತಗಿನ ದನಿಯಲ್ಲಿ, "ನಡಿಯವ್ವಾ ಪಾಸವ್ವಾ, ಹೊರಗ ಹೋಗಿ ಬರೂಣು," ಎಂದಳು.

ಪಾಸ್ ಎದ್ದು ಬಾಲ ಅಲ್ಲಾಡಿಸುತ್ತ ಅವಳ ಸೀರೆಯ ಅಂಚು ಹಿಡಿದೇ ಹೊರಟಿತು. ಬೇವಿನ ಬುಡದಲ್ಲಿ ಕುನ್ನಿ ಕೂತಿತ್ತು. ಉದ್ದವ್ವ ಸೊಂಟದ ಮೇಲೆ ಕೈಯಿಟ್ಟು ಮುಖ ಅತ್ತ ತಿರುಗಿಸಿ ನಿಂತು, ಅದರ ಮರ್ಯಾದೆ ಕಾಯುತ್ತಿದ್ದಳು.